ಹಾಸ್ಟೆಲಿನಿಂದ ಅಬ್ಬಿವರೆಗೆ: ಹಾಸನದಲ್ಲಿ ಓದುವವರಿಗೆ ಭಾನುವಾರದ ಲೆಕ್ಕ

ಹಾಸನಕ್ಕೆ ಓದಲು ಬಂದವರಿಗೆ ಮೊದಲ ಮಳೆಗಾಲದಲ್ಲೇ ಅಬ್ಬಿ, ಅಂದರೆ ಜಲಪಾತ, ನೋಡುವ ಹುಚ್ಚು ಹತ್ತುತ್ತದೆ. ಯಾರೋ ಸೀನಿಯರ್ ಮೊಬೈಲಿನಲ್ಲಿ ಬಿಳಿ ನೊರೆಯ ವಿಡಿಯೊ ತೋರಿಸುತ್ತಾನೆ. ರಾತ್ರಿ ಹನ್ನೊಂದಕ್ಕೆ ಮೆಸ್ಸಿನ ಮುಂದೆ ಪ್ಲಾನ್ ಆಗುತ್ತದೆ. ಬೆಳಿಗ್ಗೆ ಒಂಬತ್ತೂವರೆಗೆ ಎದ್ದು, ತಿಂಡಿ ತಿಂದು, ಒಬ್ಬನಿಗಾಗಿ ಕಾದು, ಕೊನೆಗೆ ಮಧ್ಯಾಹ್ನ ಎರಡಕ್ಕೆ ಯಾವುದೋ ಕಾಫಿ ತೋಟದ ಗೇಟಿನ ಮುಂದೆ ನಿಂತು 'ಅಬ್ಬಿಗೆ ಇಲ್ಲಿಂದ ಎಷ್ಟು ದೂರ ಅಣ್ಣಾ' ಅಂತ ಕೇಳುವ ಹೊತ್ತಿಗೆ ಭಾನುವಾರ ಮುಗಿದಿರುತ್ತದೆ. ನಾನೂ ಹೀಗೇ ಮೂರು ನಾಲ್ಕು ಭಾನುವಾರ ಕಳೆದುಕೊಂಡವನು.

ಹೇಮಗಂಗೋತ್ರಿ ಕ್ಯಾಂಪಸ್ಸಿನವರಿರಲಿ, ಇಂಜಿನಿಯರಿಂಗ್, ಮೆಡಿಕಲ್, ಕಾರೆಕೆರೆ ಕೃಷಿ ಕಾಲೇಜಿನವರಿರಲಿ, ನಿಮ್ಮ ಅದೃಷ್ಟ ಏನೆಂದರೆ ಸಕಲೇಶಪುರ ಬರೀ 40 ಕಿಲೋಮೀಟರ್. ಬೆಳಗಿನ ಬಸ್ಸಿನಲ್ಲಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬಯಲುಸೀಮೆ ಮುಗಿದು ಮಲೆನಾಡು ಶುರುವಾಗಿರುತ್ತದೆ. ಆ ಕಡೆ ಬೇಲೂರು ದಾಟಿದರೆ ಚಿಕ್ಕಮಗಳೂರು. ಸ್ವಂತ ಕಾರು ಇಲ್ಲದ, ಜೇಬಿನಲ್ಲಿ ಐನೂರು ರೂಪಾಯಿ ಇರುವ, ಸೋಮವಾರ ಬೆಳಿಗ್ಗೆ ಕ್ಲಾಸಿಗೆ ಹೋಗಲೇಬೇಕಾದವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

1. ವಾಪಸ್ ಬರುವ ಬಸ್ಸಿನಿಂದ ಶುರು ಮಾಡಿ

ಎಲ್ಲರೂ ಹೋಗುವ ಬಸ್ಸು ಎಷ್ಟು ಗಂಟೆಗೆ ಅಂತ ಕೇಳುತ್ತಾರೆ. ತಪ್ಪು ಅಲ್ಲೇ ಆಗೋದು. ಹಾಸನದಿಂದ ಸಕಲೇಶಪುರಕ್ಕೆ ಬಸ್ಸಿಗೆ ಕೊರತೆ ಇಲ್ಲ, ಅದರ ಚಿಂತೆ ಬಿಡಿ. ಚಿಂತೆ ಇರೋದು ಸಕಲೇಶಪುರದಿಂದ ಹಳ್ಳಿಗೆ ಹೋಗುವ ಬಸ್ಸಿನದ್ದು. ಹೆತ್ತೂರು, ಹಾನುಬಾಳು ಕಡೆಗೆ ಹೋಗುವಾಗ ಕಂಡಕ್ಟರ್ ಹತ್ತಿರ ಮೊದಲು ಕೇಳಬೇಕಾದ ಮಾತು ಒಂದೇ: 'ಸಾಯಂಕಾಲ ಕೊನೆ ಬಸ್ಸು ಎಷ್ಟು ಗಂಟೆಗೆ ವಾಪಸ್ ಬರುತ್ತೆ?' ಅವರು ಹೇಳಿದ ಮೇಲೆ ಊರಿನ ಅಂಗಡಿಯಲ್ಲೂ ಒಮ್ಮೆ ಕೇಳಿ. 'ಭಾನುವಾರ ಆ ಬಸ್ಸು ಇರಲ್ಲ' ಅನ್ನುವ ಮಾತು ಗೊತ್ತಾಗುವುದು ಅಂಗಡಿಯಲ್ಲೇ.

ಈಗ ಲೆಕ್ಕ ಹಿಂದಕ್ಕೆ ಹಾಕಿ. ಕೊನೆ ಬಸ್ಸು ಐದು ಗಂಟೆಗೆ ಅಂತಿಟ್ಟುಕೊಳ್ಳಿ. ಅದನ್ನು ಮರೆತುಬಿಡಿ, ಅದರ ಹಿಂದಿನ ಬಸ್ಸು ನಿಮ್ಮದು. ಅದು ಮೂರೂವರೆಗೆ ಇದ್ದರೆ ಮೂರೂಕಾಲಿಗೆ ಸ್ಟಾಪಿನಲ್ಲಿರಬೇಕು. ಅಬ್ಬಿಯಿಂದ ರಸ್ತೆಗೆ ನಡಿಗೆ ಮುಕ್ಕಾಲು ಗಂಟೆ ಅಂತ ಊರವರು ಹೇಳಿದರೆ ನೀವು ಒಂದೂಕಾಲು ಗಂಟೆ ಅಂತ ಓದಿಕೊಳ್ಳಿ, ಅವರ ಕಾಲು ಬೇರೆ ನಮ್ಮ ಕಾಲು ಬೇರೆ. ಅಂದರೆ ಎರಡು ಗಂಟೆಗೆ ನೀರಿನಿಂದ ಎದ್ದು ಹೊರಡಬೇಕು. ಎರಡು ಗಂಟೆ ಅಂದರೆ ಎರಡೇ ಗಂಟೆ. ಆ ಹೊತ್ತಿಗೆ ಇನ್ನೂ ಅಬ್ಬಿ ಸಿಕ್ಕಿಲ್ಲ, ಸದ್ದು ಮಾತ್ರ ಕೇಳಿಸುತ್ತಿದೆ ಅಂದರೂ ಹಿಂದಿರುಗಬೇಕು. ಬೇಜಾರಾಗುತ್ತದೆ, ಗೊತ್ತು.

ಇನ್ನೊಂದು ವಿಷಯ. ಬೆಟ್ಟಕ್ಕೆ ಹೋದರೆ ಮೊದಲು ಹತ್ತುತ್ತೀರಿ, ವಾಪಸ್ ಬರುವಾಗ ಇಳಿಯುತ್ತೀರಿ. ಅಬ್ಬಿಗೆ ಹೋದರೆ ಇದು ಉಲ್ಟಾ. ನೀರು ತಗ್ಗಿನಲ್ಲಿರುತ್ತದೆ, ಬೆಳಿಗ್ಗೆ ಹುರುಪಿನಲ್ಲಿ ಸರಸರ ಇಳಿದುಬಿಡುತ್ತೀರಿ, ಹೊಟ್ಟೆ ತುಂಬ ಚಿತ್ರಾನ್ನ ತಿಂದು ಒದ್ದೆ ಬಟ್ಟೆಯಲ್ಲಿ ಹತ್ತುವ ಪಾಳಿ ಮಧ್ಯಾಹ್ನ ಬರುತ್ತದೆ. ಇಳಿಯಲು ಅರ್ಧ ಗಂಟೆ ಹಿಡಿದರೆ ಹತ್ತಲು ಒಂದು ಗಂಟೆ ಇಟ್ಟುಕೊಳ್ಳಿ.

ಹುಡುಗಿಯರಿಗೆ ಒಂದು ಮಾತು: ಶಕ್ತಿ ಯೋಜನೆ 2023ರ ಜೂನ್ 11ರಿಂದ ಇದೆ, ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಉಚಿತ. ಕರ್ನಾಟಕದ ವಿಳಾಸ ಇರುವ ಗುರುತಿನ ಚೀಟಿ ಇಟ್ಟುಕೊಂಡರೆ ಸಾಕು. ನಮ್ಮ ಬ್ಯಾಚಿನ ಹುಡುಗಿಯರು ಆ ಉಳಿದ ದುಡ್ಡಿನಲ್ಲಿ ಹಳ್ಳಿಯಿಂದ ಆಟೋ ಮಾಡಿಕೊಂಡು ಹೋಗಿ, ನಾವು ನಡೆದು ತಲುಪುವ ಹೊತ್ತಿಗೆ ಊಟ ಮುಗಿಸಿ ಕೂತಿರುತ್ತಿದ್ದರು.

2. ಯಾವ ಮಳೆಗೆ ಎಲ್ಲಿಗೆ

ಜೂನ್, ಜುಲೈ ಅಂತ ಲೆಕ್ಕ ಹಾಕುವುದಕ್ಕಿಂತ ನಮ್ಮ ಅಜ್ಜಿಯ ಮಳೆ ನಕ್ಷತ್ರದ ಲೆಕ್ಕವೇ ಚೆನ್ನ. ಜೂನ್ ಕೊನೆಗೆ ಆರಿದ್ರ, ಆಮೇಲೆ ಪುನರ್ವಸು, ಪುಷ್ಯ, ಆಶ್ಲೇಷ. ಆಗಸ್ಟ್ ಅರ್ಧದವರೆಗೆ ಈ ನಾಲ್ಕು ಮಳೆ ನಡೆಯುವಾಗ ಅಬ್ಬಿಗಳು ನೋಡಲು ಭಯಂಕರ ಚಂದ, ಹತ್ತಿರ ಹೋಗಲು ಬರೀ ಭಯಂಕರ. ಆ ದಿನಗಳಲ್ಲಿ ರಸ್ತೆಯಿಂದಲೋ ದೇವಸ್ಥಾನದ ಅಂಗಳದಿಂದಲೋ ಕಾಣುವ ಜಾಗಕ್ಕೆ ಮಾತ್ರ ಹೋಗಿ. ಶಿರಾಡಿ ಘಾಟಿನಲ್ಲಿ, ದೋಣಿಗಾಲ್ ಸುತ್ತಮುತ್ತ, ಗುಡ್ಡ ಕುಸಿದು ರಸ್ತೆ ಬಂದ್ ಆಗುವುದೂ ಇದೇ ಕಾಲಕ್ಕೆ. ರೆಡ್ ಅಲರ್ಟ್ ಇದ್ದ ದಿನ ಹಾಸ್ಟೆಲಿನಲ್ಲೇ ಮಲಗಿ.

ನಡೆಯಲು ಹೇಳಿ ಮಾಡಿಸಿದ ಕಾಲ ಹಸ್ತ, ಚಿತ್ತ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೂರನೇ ವಾರ. ನೀರು ಇನ್ನೂ ಇರುತ್ತದೆ, ಕೆಂಪು ಹೋಗಿ ತಿಳಿಯಾಗಿರುತ್ತದೆ, ಗುಡ್ಡದ ಹುಲ್ಲು ಹಸಿರಾಗಿರುತ್ತದೆ. ಡಿಸೆಂಬರ್‌ವರೆಗೂ ನಡೆಯುತ್ತದೆ. ಫೆಬ್ರವರಿಯ ನಂತರ ಚಿಕ್ಕ ಅಬ್ಬಿಗಳಲ್ಲಿ ನೀರಿಗಿಂತ ಬಂಡೆ ಜಾಸ್ತಿ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆಯೂ ಎಷ್ಟೋ ದಾರಿ ಮುಚ್ಚುತ್ತದೆ.

3. ಮೊದಲ ಸಲ ಎಲ್ಲಿಗೆ, ಎರಡನೇ ಸಲ ಎಲ್ಲಿಗೆ

ಮೊದಲ ಸಲ ಅಬ್ಬಿ ಬೇಡ, ಮಂಜರಾಬಾದ್ ಕೋಟೆಗೆ ಹೋಗಿ. ಸಕಲೇಶಪುರ ದಾಟಿ ದೋಣಿಗಾಲ್ ಹತ್ತಿರ, ಹೆದ್ದಾರಿ ಪಕ್ಕದಲ್ಲೇ ಇದೆ. 1792ರಲ್ಲಿ ಟಿಪ್ಪು ಸುಲ್ತಾನ್ ಕಟ್ಟಿಸಿದ್ದು, ಎಂಟು ಮೂಲೆಯ ನಕ್ಷತ್ರದ ಆಕಾರ. ಮೇಲಿಂದ ನೋಡಿದರೆ ಮಾತ್ರ ನಕ್ಷತ್ರ, ಒಳಗೆ ನಿಂತವರಿಗೆ ಬರೀ ಗೋಡೆ. ಡ್ರೋನ್ ಫೋಟೊ ನೋಡಿ ಹೋದವರಿಗೆ ನಿರಾಸೆ ಆಗುತ್ತದೆ, ಮೊದಲೇ ಹೇಳಿಬಿಟ್ಟೆ. ಇಲ್ಲಿಗೆ ಯಾಕೆ ಅಂದರೆ ನಿಮ್ಮ ಗುಂಪಿನಲ್ಲಿ ಯಾರ ಉಸಿರು ಎಷ್ಟು, ಯಾರ ಶೂ ಜಾರುತ್ತದೆ, ಯಾರು ಹೇಳಿದ ಟೈಮಿಗೆ ಬರುವುದಿಲ್ಲ ಅನ್ನುವುದೆಲ್ಲ ಈ ಮೆಟ್ಟಿಲಿನ ಮೇಲೇ ಗೊತ್ತಾಗುತ್ತದೆ.

ಎರಡನೆಯದಕ್ಕೆ ಹಾನುಬಾಳು ಕಡೆಯ ಮಗಜಹಳ್ಳಿ ಅಬ್ಬಿ. ಊರಿನವರು ಅಬ್ಬಿ ಗುಂಡಿ ಅನ್ನುತ್ತಾರೆ. ಎತ್ತರ ಸುಮಾರು 20 ಅಡಿ ಅಷ್ಟೇ, ರೀಲ್ಸ್ ಮಾಡುವವರಿಗೆ ಸಪ್ಪೆ ಅನ್ನಿಸಬಹುದು, ನನಗಂತೂ ತುಂಬ ಇಷ್ಟ. ಹೆಸರಿನಲ್ಲೇ ಗುಂಡಿ ಇದೆ ಅನ್ನುವುದನ್ನು ಮರೆಯಬೇಡಿ. ಮೂರನೆಯದು ಹೆತ್ತೂರು ಕಡೆಯ ಮೂಕನಮನೆ. ಇದು ದೊಡ್ಡ ನೀರು. ನವೆಂಬರ್‌ನಲ್ಲೂ ಗೌರವ ಕೊಟ್ಟು ದೂರ ನಿಲ್ಲಬೇಕಾದ ನೀರು.

ಅದೇ ಕಡೆ ಇನ್ನೂ ಮುಂದೆ ಬಿಸಿಲೆ. ಅಲ್ಲಿನ ವ್ಯೂ ಪಾಯಿಂಟಿನಿಂದ ಮೋಡ ಸರಿದರೆ ಕುಮಾರ ಪರ್ವತದ ಸಾಲು ಎದುರಿಗೇ ನಿಲ್ಲುತ್ತದೆ. ಆ ದಾರಿಯಲ್ಲಿ ಮಂಕನಹಳ್ಳಿ ಹತ್ತಿರ ಒಂದು ಕಲ್ಲು ಇದೆ. ಆ ದಿಣ್ಣೆಯ ಈ ಕಡೆ ಬಿದ್ದ ಮಳೆ ಹೇಮಾವತಿ, ಕಾವೇರಿ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಆ ಕಡೆ ಬಿದ್ದದ್ದು ಕುಮಾರಧಾರಾ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ. ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಇಟ್ಟು ಫೋಟೊ ತೆಗೆಸಿಕೊಳ್ಳದವರು ಯಾರೂ ಇಲ್ಲ. ಬಸ್ಸಿನಲ್ಲಿ ಒಂದೇ ದಿನಕ್ಕೆ ಹೋಗಿ ಬರುವುದು ಕಷ್ಟ, ಬೈಕ್ ಇದ್ದರೆ ಮಾತ್ರ ನೋಡಿ.

ಚಿಕ್ಕಮಗಳೂರು ಕಡೆಗೆ ಹೋಗುವುದಾದರೆ ಬಸ್ಸಿನವರಿಗೆ ನನ್ನ ಆಯ್ಕೆ ಕಲ್ಲತ್ತಿಗಿರಿ. ವೀರಭದ್ರ ದೇವರ ಗುಡಿಯ ಎದುರಿಗೇ ನೀರು ಧುಮುಕುತ್ತದೆ, ಕಾಡು ನುಗ್ಗಬೇಕಿಲ್ಲ. ಹತ್ತಿರದ ಕೆಮ್ಮಣ್ಣುಗುಂಡಿಯಿಂದ ಹೋಗುವ ಹೆಬ್ಬೆ ಜಲಪಾತ 168 ಮೀಟರ್, ಎರಡು ಹಂತ: ದೊಡ್ಡ ಹೆಬ್ಬೆ, ಚಿಕ್ಕ ಹೆಬ್ಬೆ. ಅದು ಭದ್ರಾ ಹುಲಿ ಸಂರಕ್ಷಿತ ಪ್ರದೇಶದೊಳಗೆ ಬರುವುದರಿಂದ ನಿಮ್ಮ ಗಾಡಿ ಒಳಗೆ ಬಿಡುವುದಿಲ್ಲ, ಜೀಪಿನಲ್ಲಿ ಹೋಗಿ ಆಮೇಲೆ ಹಳ್ಳ ದಾಟಿ ನಡೆಯಬೇಕು. ಅತ್ತಿಗುಂಡಿ ಹತ್ತಿರದ ಝರಿಗೂ ಜೀಪೇ. ಆರು ಜನ ಸೇರಿದರೆ ಜೀಪಿನ ಬಾಡಿಗೆ ಹಗುರ, ಇಬ್ಬರೇ ಹೋದರೆ ಆ ತಿಂಗಳು ಮೆಸ್ಸಿನ ಊಟವೇ ಗತಿ. ಬಾಬಾಬುಡನ್‌ಗಿರಿಯ ಮಾಣಿಕ್ಯಧಾರಾದಲ್ಲಿ ಸ್ನಾನ ಮಾಡಿ ಉಟ್ಟ ಬಟ್ಟೆಯೊಂದನ್ನು ಬಿಟ್ಟು ಬರುವ ರೂಢಿ ಇದೆ. ನಂಬಿಕೆ ನಂಬಿಕೆಯೇ, ಬೇಡ ಅನ್ನಲ್ಲ. ಆದರೆ ಒದ್ದೆ ಪ್ಯಾಂಟುಗಳ ಆ ರಾಶಿ ನೋಡಿದ ಮೇಲೆ ನಾನು ಮಾತ್ರ ಹಾಕಿಕೊಂಡು ಹೋದದ್ದನ್ನೇ ಹಾಕಿಕೊಂಡು ಬಂದೆ.

ಒಂದು ಜಾಗಕ್ಕೆ ಮಾತ್ರ ಹೋಗಬೇಡಿ: ಸಕಲೇಶಪುರ–ಸುಬ್ರಹ್ಮಣ್ಯ ರೈಲು ಹಳಿಯ ಮೇಲೆ. ಹಳೆ ಸೀನಿಯರ್‌ಗಳು 'ಗ್ರೀನ್ ರೂಟ್' ಕತೆ ಹೇಳಿ ಹುಚ್ಚು ಹಿಡಿಸುತ್ತಾರೆ. ಆ ದಾರಿಯಲ್ಲಿ 57 ಸುರಂಗಗಳಿವೆ, ಸುರಂಗದ ಮಧ್ಯೆ ಗೂಡ್ಸ್ ಗಾಡಿ ಬಂದರೆ ಗೋಡೆಗೆ ಅಂಟಿಕೊಳ್ಳುವುದು ಬಿಟ್ಟು ಬೇರೆ ದಾರಿ ಇಲ್ಲ. ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅದು ಅಪರಾಧ, ಆರು ತಿಂಗಳವರೆಗೆ ಜೈಲೂ ಆಗಬಹುದು. ಆ ಕಣಿವೆ ನೋಡಲೇಬೇಕು ಅಂದರೆ ಹಗಲು ರೈಲಿಗೆ ಟಿಕೆಟ್ ತೆಗೆದು ಕಿಟಕಿ ಪಕ್ಕ ಕೂತುಕೊಳ್ಳಿ.

4. ಪರ್ಮಿಷನ್

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯ ಹಾಗೆ ಸಾವಿರಾರು ಜನ ಸೇರಿದ್ದು ನೆನಪಿದೆ ಅಲ್ವಾ? ಅದಾದ ಮೇಲೆ ಸರ್ಕಾರ ಚಾರಣದ ನಿಯಮ ಬಿಗಿ ಮಾಡಿತು. ಎತ್ತಿನ ಭುಜ, ಬಲ್ಲಾಳರಾಯನ ದುರ್ಗ–ಬಂಡಾಜೆ ತರಹದ ದಾರಿಗಳಿಗೆ ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ತಾಣದಲ್ಲಿ ಮೊದಲೇ ಬುಕ್ ಮಾಡಬೇಕು. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ಶನಿವಾರ ಭಾನುವಾರದ್ದು ಬೇಗ ಖಾಲಿಯಾಗುತ್ತದೆ. ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಬೇಕು. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಗೆ ಗಾಡಿಯಲ್ಲಿ ಹೋಗುವವರಿಗೂ ಜಿಲ್ಲಾಡಳಿತ ಮುಂಗಡ ನೋಂದಣಿ ತಂದಿದೆ, ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಅಂತ. ಹೊರಡುವ ಹಿಂದಿನ ದಿನ ಒಮ್ಮೆ ನೋಡಿಕೊಳ್ಳಿ. ಮಳೆ ಜಾಸ್ತಿಯಾದರೆ ರಾತ್ರೋರಾತ್ರಿ ನಿಷೇಧ ಬರುತ್ತದೆ.

ಹಾಸ್ಟೆಲಿನ ರಿಜಿಸ್ಟರಿನಲ್ಲಿ 'ಊರಿಗೆ' ಅಂತ ಸುಳ್ಳು ಬರೆದು ಹೋಗಬೇಡಿ. ಹೋಗುವ ಹಳ್ಳಿಯ ಹೆಸರನ್ನು ರೂಮಿನಲ್ಲಿ ಉಳಿದ ಒಬ್ಬನಿಗಾದರೂ ಹೇಳಿ. ರಾತ್ರಿ ಎಂಟಕ್ಕೆ ಫೋನ್ ಬರದಿದ್ದರೆ ಅವನು ಯಾರಿಗೆ ಮಾಡಬೇಕು ಅನ್ನುವುದೂ ಅವನಿಗೆ ಗೊತ್ತಿರಲಿ. ತುರ್ತಿಗೆ 112, ಅರಣ್ಯ ಇಲಾಖೆಯ ಸಹಾಯವಾಣಿ 1926.

5. ಬ್ಯಾಗಿನಲ್ಲಿ ಏನಿರಲಿ

ಕಡಿಮೆ ಇರಲಿ. ಇಬ್ಬರಿಗೆ ಸೇರಿ ಎರಡು ಲೀಟರ್ ನೀರು, ಕಟ್ಟಿಸಿಕೊಂಡ ಚಿತ್ರಾನ್ನ ಇಲ್ಲವೇ ಪುಳಿಯೋಗರೆ, ಬೆಲ್ಲ, ಒಂದು ಟಾರ್ಚು, ಒಂದು ಜೊತೆ ಒಣ ಸಾಕ್ಸ್, ಬ್ಯಾಂಡೇಜು. ಮೊಬೈಲಿಗೆ ಜಿಪ್ ಇರುವ ಪ್ಲಾಸ್ಟಿಕ್ ಕವರು. ಮ್ಯಾಪನ್ನು ಬಸ್ಸಿನಲ್ಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಕಣಿವೆಗೆ ಇಳಿದ ಮೇಲೆ ನೆಟ್‌ವರ್ಕ್ ಇರುವುದಿಲ್ಲ. ಕೊಡೆ ಬೇಡ, ಗಾಳಿಗೆ ನಿಲ್ಲಲ್ಲ, ರೇನ್‌ಕೋಟು ತನ್ನಿ. ಚಪ್ಪಲಿ ಬೇಡ. ಅಡಿ ಸವೆದು ನುಣ್ಣಗಾದ ಕಾಲೇಜ್ ಶೂ ಚಪ್ಪಲಿಗಿಂತ ಅಪಾಯ. ಹೊಸ ದುಬಾರಿ ಶೂ ಬೇಕಿಲ್ಲ, ಅಡಿಯಲ್ಲಿ ಹಲ್ಲು ಇರುವುದು ಯಾವುದಾದರೂ ಸಾಕು.

ಇಂಬಳದ, ಅಂದರೆ ರಕ್ತ ಹೀರುವ ಜಿಗಣೆಯ ಬಗ್ಗೆ ಎಲ್ಲರಿಗೂ ಭಯ. ಅದರಿಂದ ಜೀವಕ್ಕೇನೂ ಆಗುವುದಿಲ್ಲ. ಕಚ್ಚುವಾಗ ನೋವೇ ಇರುವುದಿಲ್ಲ, ಅದು ಉದುರಿ ಹೋದ ಮೇಲೂ ರಕ್ತ ಹರಿಯುತ್ತಲೇ ಇರುತ್ತದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುತ್ತದೆ, ಅದಕ್ಕೆ. ಪ್ಯಾಂಟನ್ನು ಸಾಕ್ಸ್ ಒಳಗೆ ಸಿಕ್ಕಿಸಿ, ಸಾಕ್ಸಿಗೆ ಹೊಗೆಸೊಪ್ಪಿನ ಪುಡಿ ಅಥವಾ ಉಪ್ಪು ಸವರಿ. ತೋಟದ ಹೆಂಗಸರು ಬಟ್ಟೆಯ ತುಂಡಿನಲ್ಲಿ ಸುಣ್ಣ, ಹೊಗೆಸೊಪ್ಪು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಂಡಿರುತ್ತಾರೆ, ಹತ್ತಿದ್ದಕ್ಕೆ ಒಮ್ಮೆ ತಾಗಿಸಿದರೆ ಉದುರುತ್ತದೆ. ಎಳೆದು ಕೀಳಬೇಡಿ, ಗಾಯ ಕೆರೆಯಬೇಡಿ.

ಇಂಬಳಕ್ಕಿಂತ ಭಯ ಪಡಬೇಕಾದದ್ದು ಮೈಗೆ ಅಂಟಿ ರಕ್ತ ಹೀರುವ ಉಣ್ಣೆ ಹುಳಕ್ಕೆ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಕಾಣಿಸಿಕೊಂಡ ಕಾಯಿಲೆ, ಚಿಕ್ಕಮಗಳೂರು ಜಿಲ್ಲೆಯ ಕೊಪ್ಪ, ನರಸಿಂಹರಾಜಪುರ ಕಡೆಗೂ ಬಂದಿದೆ. ಡಿಸೆಂಬರ್‌ನಿಂದ ಮೇ ವರೆಗೆ, ಅಂದರೆ ನೆಲ ಒಣಗಿರುವ ತಿಂಗಳುಗಳಲ್ಲಿ ಇದರ ಕಾಟ. ಆಗ ಒಣ ಎಲೆಯ ಮೇಲೆ ಮಲಗಬೇಡಿ, ಸತ್ತ ಮಂಗದ ಹತ್ತಿರ ಸುಳಿಯಬೇಡಿ. ಹೋಗಿ ಬಂದು ಒಂದು ವಾರದಲ್ಲಿ ಜೋರು ಜ್ವರ, ತಲೆನೋವು ಬಂದರೆ ಡಾಕ್ಟರಿಗೆ 'ಕಾಡಿಗೆ ಹೋಗಿದ್ದೆ' ಅಂತ ಬಾಯಿ ಬಿಟ್ಟು ಹೇಳಿ.

6. ತೋಟದ ದಾರಿ

ಮ್ಯಾಪಿನಲ್ಲಿ ಕಾಣುವ ಅರ್ಧಕ್ಕರ್ಧ ಅಬ್ಬಿಗಳಿಗೆ ದಾರಿ ಇರುವುದು ಯಾರದ್ದೋ ಕಾಫಿ ತೋಟದೊಳಗೆ. ಗೇಟು ತೆರೆದಿದೆ ಅಂದರೆ ಬನ್ನಿ ಅಂತ ಅಲ್ಲ. ಕೆಲಸದವರ ಲೈನ್ ಮನೆಯ ಹತ್ತಿರ ನಿಂತು ಕೂಗಿ, ತೋಟದ ಲೆಕ್ಕ ನೋಡುವ ರೈಟರ್ ಇದ್ದರೆ ಅವರನ್ನೇ ಕೇಳಿ. 'ಹಾಸನದಲ್ಲಿ ಓದ್ತಾ ಇದೀವಿ ಸಾರ್, ಅಬ್ಬಿ ನೋಡ್ಕೊಂಡು ಎರಡು ಗಂಟೆಗೆ ವಾಪಸ್ ಹೋಗ್ತೀವಿ' ಅಂದರೆ ಹತ್ತರಲ್ಲಿ ಎಂಟು ಸಲ ಬಿಡುತ್ತಾರೆ. ಬಿಡದಿದ್ದರೆ ವಾದ ಬೇಡ. ಮೊದಲು ಬಂದ ಯಾರೋ ಬಾಟಲಿ ಒಡೆದು ಹೋಗಿರುತ್ತಾರೆ, ಅದರ ಸಿಟ್ಟು ನಿಮ್ಮ ಮೇಲೆ.

ನವೆಂಬರ್‌ನಿಂದ ಕಾಫಿ ಕುಯ್ಲು. ಆಗ ಕಣದಲ್ಲಿ ಹಣ್ಣು ಹರಡಿರುತ್ತಾರೆ, ತುಳಿದುಕೊಂಡು ಹೋಗಬೇಡಿ. ಕಿತ್ತಳೆ, ಮೆಣಸು ಮುಟ್ಟಬೇಡಿ. ತಂತಿ ಬೇಲಿಯನ್ನಂತೂ ಸುಮ್ನೆ ಮುಟ್ಟಿ ನೋಡಬೇಡಿ, ಆನೆಗೆ ಅಂತ ಸೋಲಾರ್ ಕರೆಂಟ್ ಹಾಯಿಸಿರುತ್ತಾರೆ.

7. ನೀರಿನ ಹತ್ತಿರ

ನಾವು ಐದು ಜನ ಒಮ್ಮೆ ಸೆಪ್ಟೆಂಬರ್‌ನಲ್ಲಿ ಹೆಸರಿಲ್ಲದ ಒಂದು ಅಬ್ಬಿಗೆ ಹೋಗಿದ್ದೆವು. ಅಬ್ಬಿಗೆ ಮೊದಲು ಒಂದು ಹಳ್ಳ ದಾಟಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಪಾದ ಮುಳುಗುವಷ್ಟು ನೀರು, ತಳದ ಹರಳು ಎಣಿಸಬಹುದಿತ್ತು. ದಾಟಿ, ಆಚೆ ಕೂತು, ಊಟ ಬಿಚ್ಚಿದೆವು. ನಮ್ಮ ತಲೆಯ ಮೇಲೆ ಬಿಸಿಲು. ಒಂದು ಗಂಟೆ ಆಗಿರಬೇಕು, ಜೊತೆಗಿದ್ದವನೊಬ್ಬ ತಟ್ಟೆ ತೊಳೆಯಲು ಹೋದವನು 'ಲೋ, ನೀರು ಚಹಾ ಬಣ್ಣ ಆಗಿದೆ' ಅಂದ. ನಾವು ನಕ್ಕೆವು. ಹೋಗಿ ನೋಡಿದರೆ ಒಣ ಎಲೆ, ಚಿಕ್ಕ ಕಡ್ಡಿ, ಕಾಫಿ ಸಿಪ್ಪೆ ತೇಲಿಕೊಂಡು ಬರುತ್ತಿದ್ದವು. ಅವನು ಬೆಳಿಗ್ಗೆ ಬ್ಯಾಗ್ ಇಟ್ಟಿದ್ದ ಕಲ್ಲಿನ ತಲೆ ಮಾತ್ರ ಕಾಣುತ್ತಿತ್ತು. ಮೇಲೆ ಗುಡ್ಡದಲ್ಲೆಲ್ಲೋ ಮಳೆ ಹೊಡೆದಿತ್ತು, ನಮಗೆ ಒಂದು ಹನಿಯೂ ಬಿದ್ದಿರಲಿಲ್ಲ. ಊಟ ಅಲ್ಲೇ ಬಿಟ್ಟು ಕೈ ಕೈ ಹಿಡಿದು ದಾಟಿದಾಗ ನೀರು ಮಂಡಿ ಮೀರಿತ್ತು. ಒಬ್ಬನ ಒಂದು ಶೂ ಹೋಯಿತು. ಆಚೆ ದಡ ಸೇರಿ ಇಪ್ಪತ್ತು ನಿಮಿಷಕ್ಕೆ ಅದೇ ಹಳ್ಳ ಗುರುತು ಸಿಗಲಿಲ್ಲ. ಸದ್ದು ನೋಡಲು ಬಂದ ತೋಟದ ಅಜ್ಜ ನಮ್ಮನ್ನು ಮೇಲಿಂದ ಕೆಳಗೆ ನೋಡಿ 'ಹಳ್ಳ ಕೆಂಪಾದ್ಮೇಲೆ ಅನ್ನ ತಿಂತಾ ಕೂರ್ತಾರಾ ಮಕ್ಳಾ' ಅಂದರು.

ಅವತ್ತಿನಿಂದ ನಾನು ಮಾಡುವ ಕೆಲಸ ಇದು. ನೀರಿನ ಹತ್ತಿರ ಹೋದ ಕೂಡಲೇ ಅಂಚಿಗೆ ಸರಿಯಾಗಿ ಒಂದು ಕಡ್ಡಿ ನೆಡುತ್ತೇನೆ. ಹತ್ತು ನಿಮಿಷಕ್ಕೊಮ್ಮೆ ನೋಡುತ್ತೇನೆ. ಕಡ್ಡಿಯ ಬುಡ ಮುಳುಗಿದರೆ, ನೀರಿನ ಬಣ್ಣ ತಿರುಗಿದರೆ, ಎಲೆ ಕಸ ಬರಲು ಶುರುವಾದರೆ, ಅಬ್ಬಿಯ ಸದ್ದು ದಪ್ಪವಾದರೆ ಎದ್ದೇಳಬೇಕು. ಇದರಲ್ಲಿ ಒಂದು ಆದರೂ ಸಾಕು, ನಾಲ್ಕೂ ಆಗಲಿ ಅಂತ ಕಾಯಬೇಡಿ. ವಾಪಸ್ ಬರುವಾಗ ಹಳ್ಳ ದಾಟಲೇಬೇಕಾದ ದಾರಿಯಾದರೆ ಮೋಡ ಕಂಡ ಕೂಡಲೇ ಮೊದಲು ಈಚೆ ದಡಕ್ಕೆ ಬಂದುಬಿಡಿ, ಊಟ ಈಚೆಯೇ ಮಾಡಿ. ನೀರು ಏರಿಯೇಬಿಟ್ಟರೆ ದಾಟಬೇಡಿ. ಗುಡ್ಡದ ಹಳ್ಳ ಏರಿದಷ್ಟು ಬೇಗ ಇಳಿಯುವುದಿಲ್ಲ, ಇಳಿಯುವವರೆಗೆ ಎತ್ತರದ ಜಾಗದಲ್ಲಿ ಕೂತು ಕಾಯಿರಿ. ಬಸ್ಸು ಹೋದರೆ ಹೋಗಲಿ.

ಬಂಡೆಯ ವಿಷಯ. ಒಣಗಿದ ಕರಿ ಬಂಡೆ ನಂಬಿ, ಒದ್ದೆಯಾಗಿ ಹೊಳೆಯುವ ಬಂಡೆ ನಂಬಬೇಡಿ. ಪಾಚಿ ಹಸಿರಾಗೇ ಇರಬೇಕಿಲ್ಲ, ಕಪ್ಪಗೆ ತೆಳ್ಳಗೆ ಇರುವುದೇ ಜಾಸ್ತಿ ಜಾರುತ್ತದೆ. ಅಬ್ಬಿಯ ನೆತ್ತಿಗೆ ಹೋಗಿ ಕೆಳಗೆ ಬಗ್ಗಿ ನೋಡುವುದು, ಬಂಡೆ ತುದಿಯಲ್ಲಿ ಸೆಲ್ಫಿ, ಇವೆರಡೂ ಬೇಡ. ಗುಂಡಿಗೆ ಹಾರುವುದು ಬೇಡವೇ ಬೇಡ. ನೀರು ಬೀಳುವ ಜಾಗದಲ್ಲಿ ತಳ ಕೊರೆದಿರುತ್ತದೆ, ಸುಳಿ ಇರುತ್ತದೆ, ಈಜು ಬರುವವನನ್ನೂ ಅದು ಬಿಡುವುದಿಲ್ಲ. ಯಾರಾದರೂ ಬಿದ್ದರೆ ಹಿಂದೆಯೇ ಹಾರಬೇಡಿ. ಉದ್ದ ಕೋಲು, ಕಟ್ಟಿದ ದುಪಟ್ಟಾ, ಗಟ್ಟಿಯಾಗಿ ಮುಚ್ಚಿದ ಖಾಲಿ ಕ್ಯಾನು, ಏನು ಸಿಗುತ್ತದೋ ಅದನ್ನು ಚಾಚಿ.

8. ಆನೆ

ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕಿನಲ್ಲಿ ಇದು ದಿನನಿತ್ಯದ ಮಾತು. ದಸರಾದಲ್ಲಿ ಅಂಬಾರಿ ಹೊತ್ತಿದ್ದ ಅರ್ಜುನ 2023ರ ಡಿಸೆಂಬರ್ 4ರಂದು ಸತ್ತದ್ದು ಇದೇ ಯಸಳೂರು ಭಾಗದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಅಂಥ ಪಳಗಿದ ಆನೆಗೇ ಆಗಿದ್ದು ಹಾಗೆ. ಬಸ್ಸು ಇಳಿದ ಕೂಡಲೇ ಅಂಗಡಿಯಲ್ಲಿ ಚಹಾ ಕುಡಿಯುತ್ತ 'ಇವತ್ತು ಆನೆ ಯಾವ ಕಡೆ ಇದೆ?' ಅಂತ ಕೇಳಿ. ಅವರಿಗೆ ಗೊತ್ತಿರುತ್ತದೆ, ಬೆಳಿಗ್ಗೆಯೇ ಮೊಬೈಲಿಗೆ ಮೆಸೇಜ್ ಬಂದಿರುತ್ತದೆ.

ದಾರಿಯಲ್ಲಿ ಬಿಸಿ ಲದ್ದಿ, ಸೀಳಿ ಹಾಕಿದ ಬೈನೆ ಮರ, ಹಲಸಿನ ಹಣ್ಣಿನ ವಾಸನೆಯ ಜೊತೆ ಮುರಿದ ಕೊಂಬೆ ಕಂಡರೆ ಬಂದ ದಾರಿಗೆ ತಿರುಗಿ. ಬೆಳಿಗ್ಗೆ ಏಳಕ್ಕೆ ಮೊದಲು, ಸಂಜೆ ಐದರ ಮೇಲೆ ತೋಟದ ರಸ್ತೆಯಲ್ಲಿ ನಡೆಯಬೇಡಿ. ಇಯರ್‌ಫೋನ್ ತೆಗೆದಿಡಿ. ಎದುರಿಗೆ ಸಿಕ್ಕರೆ ಫೋಟೊ, ಕೂಗಾಟ, ಕಲ್ಲು ಯಾವುದೂ ಬೇಡ, ಸದ್ದಿಲ್ಲದೆ ಹಿಂದಕ್ಕೆ.

9. ವಾಪಸ್ ಬಂದ ಮೇಲೆ

ಹಳ್ಳಿ ಬಸ್ಸಿನ ವೇಳೆ ಎಲ್ಲಾದರೂ ಬರೆದಿಟ್ಟಿದ್ದರೆ ಫೋಟೊ ತೆಗೆದು, ದಿನಾಂಕ ಹಾಕಿ ಹಾಸ್ಟೆಲಿನ ಗ್ರೂಪಿಗೆ ಹಾಕಿ. ಮುಂದಿನ ವರ್ಷದ ಜೂನಿಯರ್‌ಗಳಿಗೆ ಮ್ಯಾಪಿಗಿಂತ ಅದೇ ಉಪಯೋಗ. ಬಟ್ಟೆಯನ್ನು ರೂಮಿಗೆ ತರದೆ ನೇರ ಬಕೆಟ್ಟಿಗೆ ಹಾಕಿ. ಮಂಡಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಜಾಗದಲ್ಲಿ ಉಣ್ಣೆ, ಇಂಬಳ ಅಂಟಿದೆಯಾ ಅಂತ ನೋಡಿಕೊಂಡು ಬಿಸಿ ನೀರು ಸೋಪಿನಲ್ಲಿ ಸ್ನಾನ ಮಾಡಿ. ಶೂ ಒಳಗೆ ಹಳೆ ಪೇಪರ್ ತುರುಕಿ ಫ್ಯಾನ್ ಕೆಳಗಿಡಿ, ಮಧ್ಯರಾತ್ರಿ ಒಮ್ಮೆ ಪೇಪರ್ ಬದಲಿಸಿದರೆ ಸೋಮವಾರ ಬೆಳಿಗ್ಗೆ ಹಾಕಿಕೊಳ್ಳುವಷ್ಟು ಒಣಗಿರುತ್ತದೆ. ಹಾಕಿಕೊಳ್ಳುವ ಮುಂಚೆ ತಲೆಕೆಳಗು ಮಾಡಿ ಕೊಡವಿ. ನನ್ನ ಶೂನಿಂದ ಒಮ್ಮೆ ಇಂಬಳ ಬಿದ್ದಿತ್ತು, ಹೊಟ್ಟೆ ತುಂಬಿ ದ್ರಾಕ್ಷಿ ಹಣ್ಣಿನಷ್ಟು ಆಗಿತ್ತು, ಪಕ್ಕದ ಮಂಚದವನು ಆವತ್ತಿನಿಂದ ನನ್ನ ಶೂ ಬಾಗಿಲ ಹೊರಗೇ ಇಡಿಸುತ್ತಿದ್ದ.